ಬೋರ್‌ವೆಲ್ ಲಾರಿಯ ಜಾಕ್ ಕುಸಿದಾಗ: ದೋಷ ಯಂತ್ರದ್ದೋ, ನೆಲದ್ದೋ?

ಬೇಸಿಗೆ ಆರಂಭವಾಗುತ್ತಿದ್ದಂತೆ ಗ್ರಾಮ ಪಂಚಾಯತಿಗಳಲ್ಲಿ ಕುಡಿಯುವ ನೀರಿನ ಕೊಳವೆಬಾವಿ ಕಾಮಗಾರಿಗಳು ಒಂದರ ಹಿಂದೊಂದು ಕೈಗೆತ್ತಿಕೊಳ್ಳಲ್ಪಡುತ್ತವೆ. ಸ್ಥಳವನ್ನು ಭೂವಿಜ್ಞಾನಿಗಳು ಗುರುತಿಸುತ್ತಾರೆ, ಅಂದಾಜುಪಟ್ಟಿಯನ್ನು ಅಭಿಯಂತರರು ಸಿದ್ಧಪಡಿಸುತ್ತಾರೆ, ಕೊರೆಯುವ ಕೆಲಸವನ್ನು ಗುತ್ತಿಗೆದಾರರು ನಿರ್ವಹಿಸುತ್ತಾರೆ. ಆದರೆ ಲಾರಿ ಊರಿಗೆ ಬಂದು ನಿಂತ ಕ್ಷಣದಿಂದ ಅದು ಹೊರಡುವವರೆಗೆ ಸ್ಥಳದಲ್ಲಿ ಇರುವವರು ಬಹುಮಟ್ಟಿಗೆ ವಾರ್ಡಿನ ಸದಸ್ಯರು, ನೀರಗಂಟಿ ಮತ್ತು ನೆರೆದ ಗ್ರಾಮಸ್ಥರು. ಎಷ್ಟು ಅಡಿ ಹೋಯಿತು, ನೀರು ಎಷ್ಟು ಇಂಚು ಬಿತ್ತು ಎಂಬುದರ ಮೇಲೆ ಎಲ್ಲರ ಕಣ್ಣು ಇರುತ್ತದೆ. ಲಾರಿಯನ್ನು ಹೊತ್ತು ನಿಂತಿರುವ ನಾಲ್ಕು ಹೈಡ್ರಾಲಿಕ್ ಜಾಕ್‌ಗಳನ್ನು ಗಮನಿಸುವವರು ವಿರಳ. ಕೊಳವೆಬಾವಿ ನೆಟ್ಟಗೆ ಇಳಿಯುವುದು ಮತ್ತು ಸುತ್ತ ನಿಂತವರ ಜೀವಕ್ಕೆ ಅಪಾಯವಾಗದಿರುವುದು ಈ ಜಾಕ್‌ಗಳನ್ನೇ ಅವಲಂಬಿಸಿದೆ.

ಜಾಕ್‌ನ ದುರಸ್ತಿ ಮೆಕ್ಯಾನಿಕರ ಕೆಲಸ. ಆದರೆ ಜಾಕ್ ಕುಸಿಯುತ್ತಿದೆಯೇ ಇಲ್ಲವೇ, ಕುಸಿಯುತ್ತಿದ್ದರೆ ದೋಷ ಯಂತ್ರದ್ದೋ ನೆಲದ್ದೋ ಎಂಬುದನ್ನು ಅಳತೆಪಟ್ಟಿ ಹಿಡಿದ ಯಾವ ಸದಸ್ಯರೂ ಕಂಡುಕೊಳ್ಳಬಹುದು. ಈ ಲೇಖನದ ಉದ್ದೇಶ ಅದನ್ನು ವಿವರಿಸುವುದು.

ಜಾಕ್‌ಗಳ ಕೆಲಸವೇನು?

ಕೊಳವೆಬಾವಿ ಕೊರೆಯುವ ಲಾರಿಯ ಮೇಲೆ ಮಾಸ್ಟ್ ಎಂಬ ಎತ್ತರದ ಉಕ್ಕಿನ ಚೌಕಟ್ಟು ಇರುತ್ತದೆ. ಕೊರೆಯುವ ರಾಡುಗಳು ಇದರ ಗುಂಟ ಕೆಳಗಿಳಿಯುತ್ತವೆ. ಮಾಸ್ಟ್ ಯಾವ ದಿಕ್ಕಿಗೆ ವಾಲಿದರೆ ರಾಡೂ ಅದೇ ದಿಕ್ಕಿಗೆ ವಾಲುತ್ತದೆ. ಲಾರಿಯ ಟೈರು ಮತ್ತು ಪಾಟಾಗಳು ಮೆತ್ತಗೆ ಕುಣಿಯುವಂಥವಾದ್ದರಿಂದ ಅವುಗಳ ಮೇಲೆ ನಿಂತು ಕೊರೆಯಲಾಗದು. ಆದಕಾರಣ ಲಾರಿಯ ಚಾಸಿಗೆ ಬಿಗಿದ ಜಾಕ್‌ಗಳನ್ನು ನೆಲಕ್ಕೆ ಇಳಿಸಿ, ಲಾರಿಯ ಭಾರವನ್ನು ಟೈರುಗಳಿಂದ ಜಾಕ್‌ಗಳಿಗೆ ವರ್ಗಾಯಿಸಿ, ಒಂದೊಂದನ್ನೂ ಬೇಕಾದಷ್ಟು ಏರಿಳಿಸಿ ಲಾರಿಯನ್ನು ಸಮಮಟ್ಟಕ್ಕೆ ತರಲಾಗುತ್ತದೆ. ಕ್ರೇನ್‌ಗಳಲ್ಲಿ, ಜೆಸಿಬಿ ಯಂತ್ರದ ಹಿಂಬದಿಯ ಕಾಲುಗಳಲ್ಲಿ, ಮನೆಯಂತೆ ಸಜ್ಜುಗೊಳಿಸಿದ ಪ್ರವಾಸಿ ವಾಹನಗಳಲ್ಲಿ ಇರುವುದೂ ಇದೇ ಬಗೆಯ ವ್ಯವಸ್ಥೆ.

ಜಾಕ್‌ನ ರಚನೆ ಸರಳವಾದುದು. ಚಾಸಿಗೆ ಜೋಡಿಸಿದ ಸಿಲಿಂಡರಿನೊಳಗೆ ಪಿಸ್ಟನ್ ಇರುತ್ತದೆ. ಎಂಜಿನ್ನಿನಿಂದ ನಡೆಯುವ ಪಂಪು ಟ್ಯಾಂಕಿನ ಆಯಿಲನ್ನು ಒತ್ತಡದಿಂದ ಸಿಲಿಂಡರಿಗೆ ಕಳುಹಿಸಿದಾಗ ಪಿಸ್ಟನ್ ರಾಡು ಕೆಳಗಿಳಿದು ನೆಲವನ್ನು ಒತ್ತುತ್ತದೆ. ಚಾಲಕರು ಲಿವರ್ ಬಿಟ್ಟ ಮೇಲೆ ಆಯಿಲು ಹಿಂದಕ್ಕೆ ಹರಿಯದಂತೆ ಲಾಕ್ ವಾಲ್ವ್ ತಡೆಯುತ್ತದೆ. ಆ ಬಳಿಕ ಲಾರಿಯ ಭಾರವನ್ನು ಹೊರುವುದು ಸಿಲಿಂಡರಿನಲ್ಲಿ ಸೆರೆಯಾದ ಆಯಿಲು. ಆ ಆಯಿಲು ಎಲ್ಲಿಂದಲಾದರೂ ಜಿನುಗಿದರೆ ಜಾಕ್ ಕುಸಿಯುತ್ತದೆ. ಜಿನುಗದಿದ್ದರೂ, ಅಡಿಯ ನೆಲ ಸೋತರೆ ಜಾಕ್ ಕುಸಿಯುತ್ತದೆ.

ಒಂದೂವರೆ ಇಂಚು ಕುಸಿದರೆ ಆಗುವ ನಷ್ಟ

ಎರಡು ಜಾಕ್‌ಗಳ ನಡುವಿನ ಅಂತರ 2 ಮೀಟರ್ ಎಂದಿಟ್ಟುಕೊಳ್ಳೋಣ. ಅವುಗಳಲ್ಲಿ ಒಂದು 3.5 ಸೆಂ.ಮೀ., ಅಂದರೆ ಒಂದೂವರೆ ಇಂಚಿಗೂ ಕಡಿಮೆ, ಕುಸಿದರೆ ಲಾರಿಯು ಸುಮಾರು 1 ಡಿಗ್ರಿ ವಾಲುತ್ತದೆ. ಕಣ್ಣಿಗೆ ಈ ವಾಲು ಕಾಣಿಸುವುದೇ ಇಲ್ಲ. ಆದರೆ ಅದೇ ಓರೆಯಲ್ಲಿ ಕೊಳವೆ ಇಳಿದರೆ 100 ಮೀಟರ್ ಆಳದಲ್ಲಿ ಅದು ಇರಬೇಕಾದ ಜಾಗದಿಂದ ಸುಮಾರು 1.75 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ.

ಮೊದಲಿನಿಂದ ಕೊನೆಯವರೆಗೆ ಒಂದೇ ಓರೆಯಲ್ಲಿ ಇಳಿದ ಕೊಳವೆಗಿಂತಲೂ ನಡುವೆ ಬಾಗಿದ ಕೊಳವೆ ಹೆಚ್ಚು ತೊಂದರೆ ಕೊಡುತ್ತದೆ. ಆರಂಭದಲ್ಲಿ ಸಮಮಟ್ಟದಲ್ಲಿದ್ದ ಲಾರಿ ಕೊರೆತದ ನಡುವೆ ಕುಸಿದರೆ ಆಗುವುದು ಇದೇ. ಆರೂವರೆ ಇಂಚಿನ ಕೊಳವೆಯಲ್ಲಿ ಆರು ಇಂಚಿನ ವರ್ಗದ ಸಬ್‌ಮರ್ಸಿಬಲ್ ಪಂಪು ಇಳಿಯುವಾಗ ಸುತ್ತ ಉಳಿಯುವ ಸಂದು ಬೆರಳಿನ ಅಗಲಕ್ಕಿಂತ ಹೆಚ್ಚಿರುವುದಿಲ್ಲ. ಬಾಗಿದ ಸ್ಥಳದಲ್ಲಿ ಪಂಪು ಸಿಕ್ಕಿಹಾಕಿಕೊಳ್ಳಬಹುದು, ಕೇಬಲ್ಲು ಬಂಡೆಗೆ ತಿಕ್ಕಿ ಹರಿಯಬಹುದು, ದುರಸ್ತಿಗೆಂದು ಮೇಲೆತ್ತುವಾಗ ಪೈಪು ತುಂಡಾಗಿ ಪಂಪು ಒಳಗೇ ಉಳಿಯಬಹುದು. ಕೇಸಿಂಗ್ ಪೈಪು ಓರೆಯಾಗಿ ಕುಳಿತು ಗಟ್ಟಿ ಬಂಡೆಯ ಮೇಲೆ ಸರಿಯಾಗಿ ಕೂರದಿದ್ದರೆ ಮೇಲಿನ ಮಣ್ಣು ಒಳಗೆ ಜಾರಿ ಕೊಳವೆ ಹೂಳುತ್ತದೆ. ಆಗ ನೀರು ಬಿದ್ದ ಕೊಳವೆಬಾವಿಯೂ ವಿಫಲವಾದ ಕೊಳವೆಬಾವಿಯಂತೆಯೇ ನಿರುಪಯುಕ್ತವಾಗುತ್ತದೆ. ಪಂಚಾಯತಿಯ ಹಣ ವೆಚ್ಚವಾಗಿರುತ್ತದೆ, ಬೇಸಿಗೆ ಮುಂದೆಯೇ ಇರುತ್ತದೆ.

ಭೂತನಾಳ, ತಿಕೋಟಾ, ಬಬಲೇಶ್ವರದ ನೆಲ

ವಿಜಯಪುರ ನಗರದ ಅಂಚಿನ ಭೂತನಾಳದಿಂದ ತಿಕೋಟಾ, ಬಬಲೇಶ್ವರದವರೆಗಿನ ಸೀಮೆಯಲ್ಲಿ ಕೆಳಗಿರುವುದು ದಖನ್ ಪ್ರಸ್ಥಭೂಮಿಯ ಬಸಾಲ್ಟ್ ಬಂಡೆ. ಅದರ ಮೇಲೆ ಗರಸು, ಗರಸಿನ ಮೇಲೆ ಎರೆಮಣ್ಣು. ಎತ್ತರದ ಮಡ್ಡಿಗಳಲ್ಲಿ ಎರೆಯ ಪದರ ತೆಳುವಾಗಿದ್ದು ಕಲ್ಲು ಬೇಗನೆ ಸಿಗುತ್ತದೆ. ಡೋಣಿ ನದಿಯ ಬಯಲಿನಲ್ಲಿ ಎರೆ ಬಹಳ ಆಳವಾಗಿದೆ. ಜಾಕ್ ನಿಲ್ಲುವುದು ಕೆಳಗಿನ ಬಂಡೆಯ ಮೇಲಲ್ಲ, ಈ ಮೇಲ್ಪದರದ ಮೇಲೆ.

ಎರೆಮಣ್ಣು ಒಣಗಿದಾಗ ಬಿರುಕುಬಿಟ್ಟು ಕಲ್ಲಿನಂತೆ ಗಟ್ಟಿಯಾಗುತ್ತದೆ, ನೆಂದಾಗ ಉಬ್ಬಿ ಮೆತ್ತಗಾಗುತ್ತದೆ. ಇದು ಪ್ರತಿಯೊಬ್ಬ ರೈತರೂ ಬಲ್ಲ ಸಂಗತಿ. ಕೊಳವೆಬಾವಿಯ ಸ್ಥಳದಲ್ಲಿ ಈ ಗುಣ ಎರಡು ಬಗೆಯಲ್ಲಿ ಅಪಾಯ ತರುತ್ತದೆ.

ಮೊದಲನೆಯದಾಗಿ, ಬೆಳಿಗ್ಗೆ ಲಾರಿ ನಿಲ್ಲಿಸುವಾಗ ನೆಲ ಗಟ್ಟಿಯಾಗಿರುತ್ತದೆ, ರಸಮಟ್ಟ ಸರಿಯಾಗಿರುತ್ತದೆ. ಕೆಲವು ಗಂಟೆಗಳ ಬಳಿಕ ನೀರಿನ ಸೆಲೆ ಸಿಕ್ಕಿದಾಗ ಕಂಪ್ರೆಸರಿನ ಗಾಳಿ ನೀರನ್ನೂ ಕಲ್ಲುಪುಡಿಯ ಕೆಸರನ್ನೂ ಮೇಲಕ್ಕೆ ಚಿಮ್ಮಿಸುತ್ತದೆ. ಆ ನೀರು ಹರಿದು ನಿಲ್ಲುವುದು ಹಿಂಬದಿಯ ಜಾಕ್‌ಗಳ ಬುಡದಲ್ಲಿ. ಎಲ್ಲರೂ ನೀರು ಬಿದ್ದ ಸಂತೋಷದಲ್ಲಿರುವಾಗಲೇ ಅಡಿಯ ಎರೆ ನೆನೆದು ಜಾಕ್ ಇಳಿಯತೊಡಗುತ್ತದೆ. ಎರಡನೆಯದಾಗಿ, ಕೆರೆ ತುಂಬಿಸುವ ಯೋಜನೆ ಮತ್ತು ಏತ ನೀರಾವರಿ ಕಾಲುವೆಗಳು ಬಂದ ಮೇಲೆ ಕೆರೆಯ ಕೆಳಬದಿ ಹಾಗೂ ಕಾಲುವೆಯ ಬದಿಯ ಹೊಲಗಳಲ್ಲಿ ಮೇಲ್ಮಣ್ಣು ಒಣಗಿ ಕಂಡರೂ ಒಳಮಣ್ಣಿನಲ್ಲಿ ಹಸಿ ಇರುವ ಸಾಧ್ಯತೆ ಇದೆ. ಅಂಥಲ್ಲಿ ಸಲಾಕೆಯನ್ನು ಎರಡು ಅಡಿ ಇಳಿಸಿ ನೋಡದೆ ಜಾಕ್ ಇಳಿಸುವುದು ಸೂಕ್ತವಲ್ಲ.

ಪರಿಹಾರ ದುಬಾರಿಯದಲ್ಲ. ಒಂದು ಜಾಕ್ ಮೇಲೆ 5 ಟನ್ ಭಾರವಿದ್ದು ಅದರ ಪಾದ 30 ಸೆಂ.ಮೀ. ಚೌಕವಾಗಿದ್ದರೆ ನೆಲದ ಮೇಲಿನ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 5.5 ಕೆ.ಜಿ.ಗೂ ಮೇಲಿರುತ್ತದೆ. ಪಾದದ ಅಡಿಗೆ 60 ಸೆಂ.ಮೀ. ಚೌಕದ ಗಟ್ಟಿ ಮರದ ಹಲಗೆಗಳನ್ನು ಅಡ್ಡಡ್ಡ ಜೋಡಿಸಿ ಇಟ್ಟರೆ ಒತ್ತಡ ನಾಲ್ಕನೆಯ ಒಂದು ಭಾಗಕ್ಕೆ, ಅಂದರೆ 1.4 ಕೆ.ಜಿ.ಯ ಸುಮಾರಿಗೆ ಇಳಿಯುತ್ತದೆ. ಹೊರಬರುವ ನೀರು ಜಾಕ್‌ಗಳಿಂದ ದೂರ ಹರಿಯುವಂತೆ ಕೊರೆಯುವ ಮೊದಲೇ ಗುದ್ದಲಿಯಿಂದ ಕಾಲುವೆ ತೆಗೆಸಬೇಕು. ಹಲಗೆಯ ಬದಲಿಗೆ ಇಟ್ಟಿಗೆ, ಬಿಡಿಕಲ್ಲು ಅಥವಾ ಟೊಳ್ಳು ಸಿಮೆಂಟ್ ಬ್ಲಾಕುಗಳನ್ನು ಇಡುವುದು ಅಪಾಯಕರ. ಭಾರಕ್ಕೆ ಅವು ಯಾವ ಸೂಚನೆಯನ್ನೂ ಕೊಡದೆ ಒಡೆಯುತ್ತವೆ.

ದೋಷ ಯಂತ್ರದ್ದೋ, ನೆಲದ್ದೋ: ಒಂದು ಅಳತೆಯ ಪರೀಕ್ಷೆ

ಲಾರಿ ಸಮಮಟ್ಟಕ್ಕೆ ಬಂದ ಕೂಡಲೇ ಪ್ರತಿ ಜಾಕ್‌ನಲ್ಲಿಯೂ ಸಿಲಿಂಡರಿನ ಕೆಳ ಅಂಚಿನಿಂದ ಪಾದದವರೆಗೆ ಹೊಳೆಯುವ ರಾಡಿನ ಉದ್ದವನ್ನು ಅಳೆದು ಬರೆದುಕೊಳ್ಳಬೇಕು. ಹಲಗೆಯ ಅಂಚಿನಲ್ಲಿ ನೆಲಮಟ್ಟಕ್ಕೆ ಸರಿಯಾಗಿ ಸೀಮೆಸುಣ್ಣದ ಗೆರೆ ಎಳೆಯಬೇಕು. ರಾಡಿನ ಮೇಲೆ ಮಾತ್ರ ಮೊಳೆಯಿಂದಾಗಲಿ ಚಾಕುವಿನಿಂದಾಗಲಿ ಗೀರು ಹಾಕಬಾರದು. ಆ ಗೀರೇ ಸೀಲನ್ನು ಹರಿದು ಹೊಸ ಸೋರಿಕೆಗೆ ಕಾರಣವಾಗುತ್ತದೆ. ಅರ್ಧ ಗಂಟೆಯ ನಂತರ, ಬಳಿಕ ಪ್ರತಿ ಗಂಟೆಗೊಮ್ಮೆ ಹಾಗೂ ನೀರು ಬಿದ್ದ ಕೂಡಲೇ ಮತ್ತೆ ನೋಡಬೇಕು.

ರಾಡಿನ ಉದ್ದ ಕಡಿಮೆಯಾಗಿದ್ದರೆ ಜಾಕ್ ತನ್ನೊಳಗೆ ಸರಿದಿದೆ, ದೋಷ ಯಂತ್ರದ್ದು. ರಾಡಿನ ಉದ್ದ ಹಾಗೆಯೇ ಇದ್ದು ಹಲಗೆಯ ಗೆರೆ ಮಣ್ಣಿನೊಳಗೆ ಹೋಗಿದ್ದರೆ ದೋಷ ನೆಲದ್ದು. ಎರಡೂ ಹಾಗೆಯೇ ಇದ್ದು ರಸಮಟ್ಟ ಮಾತ್ರ ಬದಲಾಗಿದ್ದರೆ ಹಲಗೆ ಸೀಳಿದೆಯೇ, ಪಾದ ಜಾರಿದೆಯೇ, ಜಾಕ್ ಚಾಸಿಗೆ ಸೇರುವಲ್ಲಿ ಬೋಲ್ಟು ಅಥವಾ ಬೆಸುಗೆ ಸಡಿಲಾಗಿದೆಯೇ ಎಂದು ನೋಡಬೇಕು.

ಈ ಪರೀಕ್ಷೆ ಮಾಡದೆ ಹೋದರೆ ಉಪಚಾರ ತಪ್ಪುತ್ತದೆ. ನೆಲ ಕುಸಿಯುತ್ತಿರುವಾಗ ಲಿವರ್ ಒತ್ತಿ ಜಾಕ್ ಇಳಿಸುತ್ತ ಹೋದರೆ ಅದು ಇನ್ನಷ್ಟು ಹೂತುಹೋಗುತ್ತದೆ. ಸೀಲು ಸೋರುತ್ತಿರುವಾಗ ಹಲಗೆ ಬದಲಿಸಿ ಪ್ರಯೋಜನವಿಲ್ಲ.

ರಾತ್ರಿ ಕೆಲಸ ನಿಲ್ಲಿಸಿ ಬೆಳಿಗ್ಗೆ ಮುಂದುವರಿಸುವ ಸಂದರ್ಭದಲ್ಲಿ ಒಂದು ಅಂಶ ಗಮನದಲ್ಲಿರಬೇಕು. ಹಗಲಿನ ಬಿಸಿಲು ಮತ್ತು ಕೆಲಸದ ಕಾವಿನಿಂದ ಹಿಗ್ಗಿದ ಆಯಿಲು ರಾತ್ರಿ ತಣಿದು ಕುಗ್ಗುತ್ತದೆ. ಸಿಲಿಂಡರಿನಲ್ಲಿ 50 ಸೆಂ.ಮೀ. ಎತ್ತರಕ್ಕೆ ಆಯಿಲು ಇದ್ದು ಅದರ ಉಷ್ಣತೆ 20 ಡಿಗ್ರಿ ಇಳಿದರೆ ಜಾಕ್ ಸುಮಾರು 7 ಮಿ.ಮೀ. ಒಳಸರಿಯಬಹುದು. ನಾಲ್ಕೂ ಜಾಕ್‌ಗಳಲ್ಲಿ ಇಂಥ ಅಲ್ಪ ಇಳಿತ ಕಂಡರೆ ಅದು ಸೋರಿಕೆಯಲ್ಲ. ಒಂದೇ ಜಾಕ್ ಉಳಿದವುಗಳಿಗಿಂತ ಬಹಳಷ್ಟು ಇಳಿದಿದ್ದರೆ ಅದು ಸೋರಿಕೆ. ಎರಡೂ ಸಂದರ್ಭಗಳಲ್ಲಿ ಬೆಳಿಗ್ಗೆ ಮತ್ತೆ ರಸಮಟ್ಟ ನೋಡದೆ ಕೊರೆತ ಆರಂಭಿಸುವಂತಿಲ್ಲ.

ಸಾಮಾನ್ಯ ದೋಷಗಳು ಮತ್ತು ಕಾರಣಗಳು

1. ಯಾವ ಜಾಕ್ ಕೂಡ ಇಳಿಯದಿರುವುದು. ನಾಲ್ಕೂ ಒಟ್ಟಿಗೆ ಕೆಡುವುದು ಅಪರೂಪ. ಆದ್ದರಿಂದ ದೋಷವನ್ನು ಎಲ್ಲಕ್ಕೂ ಸಾಮಾನ್ಯವಾದ ಭಾಗದಲ್ಲಿ ಹುಡುಕಬೇಕು: ಟ್ಯಾಂಕಿನಲ್ಲಿ ಆಯಿಲು ಇದೆಯೇ, ಎಂಜಿನ್ನಿನಿಂದ ಪಂಪಿಗೆ ಚಾಲನೆ ಸಿಗುತ್ತಿದೆಯೇ, ಆಯಿಲು ಹೀರುವ ಜಾಲರಿ ಕಟ್ಟಿಕೊಂಡಿದೆಯೇ, ಒತ್ತಡ ಮಿತಿಗೊಳಿಸುವ ರಿಲೀಫ್ ವಾಲ್ವ್ ತೆರೆದೇ ಉಳಿದಿದೆಯೇ.

2. ಒಂದು ಜಾಕ್ ಮಾತ್ರ ಕೆಲಸ ಮಾಡದಿರುವುದು. ಉಳಿದ ಮೂರು ಸರಿಯಿದ್ದರೆ ಪಂಪು ಮತ್ತು ಆಯಿಲು ಸರಿಯಿವೆ ಎಂದರ್ಥ. ದೋಷ ಆ ಜಾಕ್‌ನ ಸ್ವಂತ ಹಾದಿಯಲ್ಲಿದೆ: ಅದರ ಲಿವರಿನ ವಾಲ್ವ್, ಹೋಸ್ ಪೈಪು, ಲಾಕ್ ವಾಲ್ವ್ ಅಥವಾ ಬಾಗಿದ ರಾಡು.

3. ನಡುಗುತ್ತ, ತಡೆದು ತಡೆದು ಇಳಿಯುವುದು. ಆಯಿಲಿನಲ್ಲಿ ಗಾಳಿ ಸೇರಿದೆ. ಟ್ಯಾಂಕಿನಲ್ಲಿ ನೊರೆ ಕಾಣುತ್ತದೆ. ಆಯಿಲು ಕಡಿಮೆಯಾದಾಗ ಅಥವಾ ಹೀರುವ ಪೈಪಿನ ಜೋಡಣೆ ಸಡಿಲಾದಾಗ ಹೀಗಾಗುತ್ತದೆ. ಆಯಿಲು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆ. ಅಂಥ ಆಯಿಲನ್ನು ಪೂರ್ತಿ ಬದಲಿಸಬೇಕು.

4. ಹೊರಗೆ ಸೋರಿಕೆ ಕಾಣದಿದ್ದರೂ ಜಾಕ್ ಒಳಸರಿಯುವುದು. ಲಾಕ್ ವಾಲ್ವಿನಲ್ಲಿ ಕಸ ಸಿಕ್ಕಿ ಅದು ಪೂರ್ತಿ ಮುಚ್ಚಿಕೊಂಡಿಲ್ಲ, ಇಲ್ಲವೇ ಪಿಸ್ಟನ್ನಿನ ಸೀಲು ಸವೆದು ಆಯಿಲು ಒಳಗೊಳಗೇ ದಾಟುತ್ತಿದೆ. ಕೊರೆಯುವಾಗ ಏಳುವ ಕಲ್ಲುಪುಡಿ ರಾಡಿಗೆ ಅಂಟಿ, ರಾಡು ಮೇಲೇರುವಾಗ ಸೀಲನ್ನು ಉಜ್ಜುವುದು ಈ ಸವೆತಕ್ಕೆ ಮುಖ್ಯ ಕಾರಣ. ಜಾಕ್ ಎತ್ತುವ ಮೊದಲು ರಾಡನ್ನು ಬಟ್ಟೆಯಿಂದ ಒರೆಸುವ ಸಣ್ಣ ಅಭ್ಯಾಸ ಸೀಲಿನ ಆಯುಸ್ಸನ್ನು ಬಹಳ ಹೆಚ್ಚಿಸುತ್ತದೆ.

5. ಕೆಲಸ ಮುಗಿದ ಮೇಲೆ ಜಾಕ್ ಮೇಲೇರದಿರುವುದು. ಪಾದ ಕೆಸರಿನಲ್ಲಿ ಹೂತು ಹಿಡಿದುಕೊಂಡಿರಬಹುದು, ರಾಡು ಬಾಗಿರಬಹುದು, ಲಾಕ್ ವಾಲ್ವ್ ತೆರೆಯದಿರಬಹುದು. ಹೂತ ಪಾದದ ಸುತ್ತ ಮಣ್ಣು ತೆಗೆದು ಬಿಡಿಸಬೇಕೇ ಹೊರತು ಲಾರಿಯನ್ನು ಮುಂದಕ್ಕೆ ಎಳೆದು ಕೀಳಬಾರದು. ಹಾಗೆ ಮಾಡಿದರೆ ರಾಡು ಬಾಗುತ್ತದೆ, ಚಾಸಿಯ ಜೋಡಣೆ ಕಿತ್ತುಬರುತ್ತದೆ.

ಟ್ಯಾಂಕಿನ ಆಯಿಲಿನ ಮಟ್ಟವನ್ನು ಎಲ್ಲ ಜಾಕ್‌ಗಳೂ ಮೇಲೇರಿದ ಸ್ಥಿತಿಯಲ್ಲಿ ನೋಡಬೇಕು. ಜಾಕ್‌ಗಳು ಇಳಿದಿರುವಾಗ ಆಯಿಲಿನ ಒಂದು ಭಾಗ ಸಿಲಿಂಡರುಗಳಲ್ಲಿರುವುದರಿಂದ ಟ್ಯಾಂಕಿನಲ್ಲಿ ಆಯಿಲು ಕಡಿಮೆಯಾದಂತೆ ತೋರುತ್ತದೆ. ಆಗ ತುಂಬಿಸಿದರೆ ಜಾಕ್ ಎತ್ತುವಾಗ ಆಯಿಲು ಉಕ್ಕಿ ಹೊಲಕ್ಕೆ ಚೆಲ್ಲುತ್ತದೆ.

ಕೈಯಿಂದ ಮುಟ್ಟಿ ನೋಡಬಾರದ ಸೋರಿಕೆ

ಹೋಸ್ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿದ್ದರೆ ಅದರಿಂದ ಹೊರಡುವ ಆಯಿಲಿನ ಎಳೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದರ ಒತ್ತಡ ಚರ್ಮವನ್ನು ಭೇದಿಸಿ ಒಳಗೆ ಹೋಗುವಷ್ಟಿರುತ್ತದೆ. ಆದಕಾರಣ ಯಾರೂ ಬೆರಳಿಟ್ಟು ಸೋರಿಕೆ ಹುಡುಕಬಾರದು. ರಟ್ಟಿನ ತುಂಡನ್ನು ಪೈಪಿನ ಹತ್ತಿರ ಹಿಡಿದರೆ ಆಯಿಲಿನ ಕಲೆ ಬೀಳುತ್ತದೆ, ಅಷ್ಟೇ ಸಾಕು. ಆಯಿಲು ಚರ್ಮದೊಳಗೆ ಹೋದ ಶಂಕೆ ಇದ್ದರೆ ಗಾಯ ಎಷ್ಟೇ ಸಣ್ಣದಾಗಿ ಕಂಡರೂ, ನೋವಿಲ್ಲದಿದ್ದರೂ, ವ್ಯಕ್ತಿಯನ್ನು ತಡಮಾಡದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಸಾಗಿಸಿ, ಒತ್ತಡದ ಆಯಿಲು ತಗುಲಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ತಡವಾದಷ್ಟೂ ಬೆರಳನ್ನು, ಕೈಯನ್ನು ಕಳೆದುಕೊಳ್ಳುವ ಸಂಭವ ಹೆಚ್ಚು.

ಜಾಕ್ ಮಾತ್ರ ಹೊತ್ತಿರುವ ಲಾರಿಯ ಅಡಿಗೆ ಯಾರೂ ತೆವಳಬಾರದು. ಪಂಚಾಯತಿಯ ಕಸ ಸಾಗಿಸುವ ವಾಹನಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಹೈಡ್ರಾಲಿಕ್ ಬಲದಿಂದ ಮೇಲೆತ್ತಿದ ತೊಟ್ಟಿಯ ಅಡಿಯಲ್ಲಿ ದುರಸ್ತಿ ಮಾಡಬೇಕಾದರೆ ಮೊದಲು ಅದಕ್ಕೆ ಗಟ್ಟಿ ಆಧಾರ ಕೊಡಲೇಬೇಕು. ಸೀಲು ಅಥವಾ ಪೈಪು ಒಡೆಯುವ ಮುನ್ನ ಯಾವ ಮುನ್ಸೂಚನೆಯೂ ಇರುವುದಿಲ್ಲ.

ಕೆಲಸದ ಕ್ರಮ

ಜಾಕ್ ಇಳಿಸಿ, ಸಮಮಟ್ಟ ನೋಡಿ, ಆ ಬಳಿಕವೇ ಮಾಸ್ಟ್ ಎತ್ತಬೇಕು. ಮುಗಿಸುವಾಗ ಇದರ ವಿರುದ್ಧ ಕ್ರಮ: ಮೊದಲು ಮಾಸ್ಟ್ ಮಲಗಿಸಿ, ಬಳಿಕ ಜಾಕ್ ಎತ್ತಬೇಕು. ಮಾಸ್ಟ್ ನಿಂತಿರುವಾಗ ಜಾಕ್ ಎತ್ತಿದರೆ ಲಾರಿ ಉರುಳಬಹುದು. ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ, ಜಾಕ್ ಕುಸಿದು ಮಾಸ್ಟ್ ವಾಲಿದಾಗ ತಂತಿಗೆ ತಗಲುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸ್ಥಳ ನಿರ್ಧರಿಸಬೇಕು. ಕೊರೆತದ ವೇಳೆ ಗ್ರಾಮಸ್ಥರು, ವಿಶೇಷವಾಗಿ ಮಕ್ಕಳು, ಮಾಸ್ಟಿನ ಎತ್ತರದ ಒಂದೂವರೆ ಪಟ್ಟು ದೂರದಲ್ಲಿರುವಂತೆ ಹಗ್ಗ ಕಟ್ಟಿಸುವುದು ಸದಸ್ಯರಿಂದ ಆಗಬಹುದಾದ ಕೆಲಸ.

ನಡುವೆ ಜಾಕ್ ಕುಸಿದುದು ಕಂಡರೆ ಕೊರೆತ ನಿಲ್ಲಿಸಲು ಸೂಚಿಸಬೇಕು. ರಾಡುಗಳನ್ನು ತಳದಿಂದ ಮೇಲಕ್ಕೆತ್ತಿ, ಕುಸಿತದ ಕಾರಣ ತಿಳಿದು, ಸಮಮಟ್ಟ ಸರಿಪಡಿಸಿದ ನಂತರವೇ ಮುಂದುವರಿಯಬೇಕು. ಆಗ ಎಷ್ಟು ಆಳ ಆಗಿತ್ತು ಎಂಬುದನ್ನು ಬರೆದಿಡಬೇಕು. ಮುಂದೆ ಪಂಪು ಎಲ್ಲಿಯಾದರೂ ಸಿಕ್ಕಿಕೊಂಡರೆ ಈ ಟಿಪ್ಪಣಿ ಕಾರಣವನ್ನು ತೋರಿಸುತ್ತದೆ. ಕೊರೆತ ಮುಗಿದ ಬಳಿಕ, ಅಳತೆ ಪುಸ್ತಕದಲ್ಲಿ ನಮೂದಾಗುವ ಮೊದಲು, ಪಂಪಿನಷ್ಟೇ ದಪ್ಪದ ನೇರ ಕಬ್ಬಿಣದ ಕೊಳವೆಯನ್ನು ಪಂಪು ಇಳಿಸಬೇಕಾದ ಆಳದವರೆಗೆ ಇಳಿಸಿ ತೋರಿಸುವಂತೆ ಅಭಿಯಂತರರ ಮೂಲಕ ಕೇಳಬಹುದು. ಅದು ತಡೆಯಿಲ್ಲದೆ ಇಳಿದು ಮೇಲೆ ಬಂದರೆ ಕೊಳವೆ ಪಂಪಿಗೆ ಯೋಗ್ಯವಾಗಿದೆ.

ಜಾಕ್ ಎತ್ತುವ ಮೊದಲು ಬಾಯಿ ಮುಚ್ಚಬೇಕು

ಜಾಕ್‌ಗಳು ಮೇಲೆದ್ದ ನಂತರ ಲಾರಿ ಮುಂದಿನ ಊರಿಗೆ ಹೊರಟುಬಿಡುತ್ತದೆ. ಸ್ಥಳದಲ್ಲಿ ಉಳಿಯುವುದು ಕೊಳವೆಯ ಬಾಯಿ. 2014ರ ಜೂನ್‌ನಲ್ಲಿ ವಿಜಯಪುರದ ಸಮೀಪದ ನಾಗಠಾಣದಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ನಾಲ್ಕು ವರ್ಷದ ಬಾಲಕಿ ಬದುಕುಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಎರಡು ವರ್ಷದೊಳಗಿನ ಮಗುವನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯ ಬಳಿಕ ಜೀವಂತವಾಗಿ ಹೊರತೆಗೆಯಲಾಯಿತು. ಇವೆರಡೂ ಇದೇ ಜಿಲ್ಲೆಯ ಘಟನೆಗಳು.

ಸುಪ್ರೀಂ ಕೋರ್ಟ್ 2010ರಲ್ಲಿ ನೀಡಿದ ನಿರ್ದೇಶನಗಳ ಪ್ರಕಾರ ಕೊರೆಯುವ 15 ದಿನ ಮೊದಲು ಲಿಖಿತ ಮಾಹಿತಿ ನೀಡಬೇಕು, ಸ್ಥಳದಲ್ಲಿ ಸೂಚನಾ ಫಲಕ ಮತ್ತು ಬೇಲಿ ಇರಬೇಕು, ಕೇಸಿಂಗ್ ಸುತ್ತ ನೆಲದ ಮೇಲೆ 0.30 ಮೀಟರ್ ಹಾಗೂ ಕೆಳಗೆ 0.30 ಮೀಟರ್ ಇರುವಂತೆ ಸಿಮೆಂಟ್ ಕಟ್ಟೆ ಕಟ್ಟಬೇಕು, ಬಾಯಿಯನ್ನು ಬೆಸುಗೆ ಹಾಕಿದ ಉಕ್ಕಿನ ತಟ್ಟೆಯಿಂದ ಅಥವಾ ಬೋಲ್ಟು ಬಿಗಿದ ಗಟ್ಟಿ ಮುಚ್ಚಳದಿಂದ ಮುಚ್ಚಬೇಕು. ವಿಫಲ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಿಸಬೇಕು. ಕಟ್ಟೆ ಕಟ್ಟಲು ದಿನ ಹಿಡಿಯಬಹುದು. ಮುಚ್ಚಳ ಬಿಗಿಯಲು ಕೆಲವೇ ನಿಮಿಷ ಸಾಕು. ಅದು ಆಗುವವರೆಗೆ ಜಾಕ್ ಎತ್ತಲು ಸಮ್ಮತಿಸದಿರುವುದು ಸದಸ್ಯರು ಪಾಲಿಸಬಹುದಾದ ಸುಲಭ ನಿಯಮ.

ಸದಸ್ಯರು ಸ್ಥಳದಲ್ಲಿ ನೋಡಬೇಕಾದ ಅಂಶಗಳು

ಅ) ಪ್ರತಿ ಜಾಕ್‌ನ ಅಡಿಗೆ ಅಗಲವಾದ ಮರದ ಹಲಗೆ ಇದೆ; ನೀರು ಹರಿದುಹೋಗಲು ಕಾಲುವೆ ತೆಗೆದಿದೆ.

ಆ) ಕೊರೆಯುವ ಮೊದಲು ಲಾರಿಯ ಉದ್ದ ಮತ್ತು ಅಡ್ಡ ಎರಡೂ ದಿಕ್ಕಿನಲ್ಲಿ ರಸಮಟ್ಟ ಇಟ್ಟು ನೋಡಲಾಗಿದೆ, ತೂಗುಗುಂಡಿನಿಂದ ಮಾಸ್ಟ್ ನೆಟ್ಟಗಿರುವುದನ್ನು ಖಚಿತಪಡಿಸಿಕೊಳ್ಳಲಾಗಿದೆ.

ಇ) ನಾಲ್ಕೂ ರಾಡುಗಳ ಉದ್ದ ಬರೆದುಕೊಳ್ಳಲಾಗಿದೆ, ಪ್ರತಿ ಗಂಟೆಗೊಮ್ಮೆ ಹಾಗೂ ನೀರು ಬಿದ್ದ ಕೂಡಲೇ ಮತ್ತೆ ಅಳೆಯಲಾಗಿದೆ.

ಈ) ಜನರು ಸುರಕ್ಷಿತ ದೂರದಲ್ಲಿದ್ದಾರೆ, ಮಾಸ್ಟ್ ವಿದ್ಯುತ್ ತಂತಿಯಿಂದ ದೂರವಿದೆ.

ಉ) ಲಾರಿ ಹೊರಡುವ ಮೊದಲು ಕೊಳವೆಯ ಬಾಯಿ ಭದ್ರವಾಗಿ ಮುಚ್ಚಿದೆ.

ಈ ಐದು ಅಂಶಗಳಿಗೆ ಬೇಕಾಗುವ ಸಲಕರಣೆ ಒಂದು ಅಳತೆಪಟ್ಟಿ, ಗೌಂಡಿಯ ಬಳಿ ಇರುವ ರಸಮಟ್ಟ, ತೂಗುಗುಂಡು ಮತ್ತು ಒಂದು ತುಂಡು ಸೀಮೆಸುಣ್ಣ. ಇವುಗಳನ್ನು ನೀರಗಂಟಿಯ ವಶದಲ್ಲಿ ಇರಿಸಿ, ಮುಂದಿನ ಕೊಳವೆಬಾವಿ ಕಾಮಗಾರಿಯ ದಿನ ಲಾರಿ ಬರುವ ಮೊದಲೇ ಸ್ಥಳಕ್ಕೆ ತರಿಸಿಕೊಳ್ಳುವುದು ಸೂಕ್ತ.